ಹಗ್ಗ ಕಟ್ಟಿದ ಪೆಟ್ಟಿಗೆ

‘ಇವತ್ತು ಆಗುವ ಕೆಲಸ ಅಲ್ಲ ಇದು, ಬೇಕಾದರೆ ಬರೆದಿಟ್ಟುಕೊಳ್ಳಿ’ ಎಂದವರು ನಮ್ಮ ಶವಾಗಾರದ ಅಟೆಂಡರ್ ಅಂತೋನಿಯಣ್ಣ. ಉಡುಪಿಯವರು. ಸತ್ತವರ ಮೇಲಿರುವಷ್ಟು ನಂಬಿಕೆ ಅವರಿಗೆ ಬದುಕಿರುವವರ ಮೇಲಿಲ್ಲ.

ಕಳೆದ ಬುಧವಾರದ ಮಾತು. ಮಸ್ಕತ್ತಿನಲ್ಲಿ ಎರಡೂವರೆಗೆ ಕಚೇರಿ ಮುಚ್ಚಿದರೆ ಗುರುವಾರ, ಶುಕ್ರವಾರ ವಾರದ ರಜೆ, ಮತ್ತೆ ತೆರೆಯುವುದು ಶನಿವಾರ. ಅಷ್ಟರೊಳಗೆ ಮರಣಪತ್ರ ಸಿಕ್ಕರೆ ವಾದಿ ಕಬೀರಿನ ಗ್ಯಾರೇಜಿನ ಮೆಕ್ಯಾನಿಕ್ ಸುಂದರನ ಹೆಣ ಅದೇ ಸಂಜೆಯ ಬೊಂಬಾಯಿ ವಿಮಾನದಲ್ಲಿ ಊರಿಗೆ. ಇಲ್ಲದಿದ್ದರೆ ಇನ್ನೂ ಮೂರು ದಿನ ನಮ್ಮ ಫ್ರೀಜರಿನಲ್ಲಿ. ಅತ್ತ ಮೂಲ್ಕಿಯಲ್ಲಿ ಅವನ ತಾಯಿ, ಮಗನ ಮುಖ ನೋಡದೆ ಅನ್ನ ಮುಟ್ಟುವುದಿಲ್ಲ ಎಂದು ಕೂತಿದ್ದರು.

ಪತ್ರ ಬರೆಯುವವನು ನಾನು. ನಮ್ಮ ಕುಟುಂಬದಲ್ಲೇ ಮೊದಲ ಬಿ.ಎ. ಅದೂ ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ಸಂಜೆ ಕಾಲೇಜಿನಲ್ಲಿ ಕೂತು ಪಾಸಾದದ್ದು. (ಹೆಣ ಕಾಯಲು ಬಿ.ಎ. ಯಾಕೆ ಎಂದು ನೀವು ಕೇಳಬಹುದು. ನನ್ನ ಹೆಂಡತಿ ದಿನವೂ ಕೇಳುತ್ತಾಳೆ.)

ಡಾಕ್ಟರ ಚೀಟಿ ಇತ್ತು, ಪೊಲೀಸರ ಒಪ್ಪಿಗೆಯೂ ಇತ್ತು. ಪಾಸ್‌ಪೋರ್ಟೇ ಇಲ್ಲ! ಇಲ್ಲಿ ಕೆಲಸಗಾರನ ಪಾಸ್‌ಪೋರ್ಟ್ ಇರುವುದು ವೀಸಾ ಕೊಟ್ಟು ಕರೆಸಿಕೊಂಡ ಕಫೀಲ್‌ನ ಕಪಾಟಿನಲ್ಲಿ. ಆ ಕಫೀಲ್ ಎಲ್ಲಿ? ನಿಜ್ವಾ ಎಂಬ ಊರಿನ ಖರ್ಜೂರದ ತೋಟದಲ್ಲಿ. ಫೋನ್ ಮಾಡಿದೆವು. ಪಾಪ, ಎರಡು ಗಂಟೆ ಕಾರು ಓಡಿಸಿಕೊಂಡು ಬಂದು ಒಂದು ಚೀಲ ಪಾಸ್‌ಪೋರ್ಟನ್ನು ನನ್ನ ಮೇಜಿನ ಮೇಲೆ ಸುರಿದರು. ಗ್ಯಾರೇಜಿನವರೆಲ್ಲ ಅದರಲ್ಲಿದ್ದರು. ಸುಂದರ ಮಾತ್ರ ಇಲ್ಲ.

‘ರಜೆಗೇನಾದರೂ ಕೊಟ್ಟಿದ್ದೀರಾ?’ ಎಂದೆ.

ಕಫೀಲ್ ಹಣೆ ಬಡಿದುಕೊಂಡರು. ‘ಅರೇ! ಜುಮ್ಮಾ ಕೋ ದಿಯಾ!’

ಹೌದು, ಶುಕ್ರವಾರವೇ ಕೊಟ್ಟಾಗಿತ್ತು; ಸುಂದರ ಮುಂದಿನ ವಾರ ರಜೆಗೆ ಹೊರಡುವವನಿದ್ದ. ಬೆಳಿಗ್ಗೆಯಿಂದ ಅಲ್ಲೇ ಕೂತಿದ್ದ ಅವನ ಭಾವ ಜಗನ್ನಾಥ, ಅವನ ರೂಮಿನಲ್ಲೇ ಇದ್ದವನು, ತಲೆ ತಗ್ಗಿಸಿದ.

‘ಪೆಟ್ಟಿಗೆಯಲ್ಲಿ ಇರ್‍ಬಹುದು ಸಾರ್. ಹಗ್ಗ ಕಟ್ಟಿ ಆಗಿದೆ. ಗಲ್ಫಿನ ಪೆಟ್ಟಿಗೆ ಊರಲ್ಲಿ ಅಮ್ಮನೇ ಬಿಚ್ಚುದು. ನಾವು ಮುಟ್ಟುದಿಲ್ಲ.’

‘ಎಂಥ ಮಾರಾಯ ನೀನು! ಅಮ್ಮನಿಗೆ ಪೆಟ್ಟಿಗೆ ಬೇಕೋ, ಮಗನ ಮುಖ ಬೇಕೋ?’ ಗದರಿದವರು ಯಾರು ಗೊತ್ತೇ? ಅಂತೋನಿಯಣ್ಣ!

‘ಯಲ್ಲಾ’ ಎಂದು ಕಫೀಲ್ ಕಾರು ತೆಗೆದರು. ಒಂದೂಮುಕ್ಕಾಲಿಗೆ ಪೆಟ್ಟಿಗೆಯೇ ಶವಾಗಾರಕ್ಕೆ ಬಂತು. ಜಗನ್ನಾಥ ಹಗ್ಗ ಕತ್ತರಿಸಲು ಬಿಡಲಿಲ್ಲ. ಗಂಟು ಬಿಚ್ಚಿ, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಒಳಗೆ ಕೈ ತೂರಿಸಿದ. ಮೊದಲು ಸೋಪು ಬಂತು. ಆಮೇಲೆ ಟಾರ್ಚು. ಮೂರನೆಯದು ಪಾಸ್‌ಪೋರ್ಟ್.

‘ನಾನು ಎಂಥದೂ ನೋಡ್ಲಿಲ್ಲ, ನೀವೇ ಸಾಕ್ಷಿ’ ಎನ್ನುತ್ತ ಹಗ್ಗವನ್ನು ಮತ್ತೆ ಮೊದಲಿನಂತೆಯೇ ಬಿಗಿದ.

ಎರಡೂ ಇಪ್ಪತ್ತಕ್ಕೆ ಸೀಲ್ ಒತ್ತಿ ಮರಣಪತ್ರವನ್ನು ಅವನ ಕೈಗಿಟ್ಟೆ. ಕಣ್ಣೊರೆಸಿಕೊಂಡು ಜಗನ್ನಾಥ ಹೇಳಿದ:

‘ಟಿಕೆಟು ಮುಂದಿನ ವಾರದ್ದಿತ್ತು ಸಾರ್. ಊರಿಗೆ ಹೋಗುದು ಅಂದ್ರೆ ಇವನಿಗೆ ಯಾವಾಗ್ಲೂ ಅವಸರ.’