ಮಾಸ್ತರ ರಾಣಿಗೆ ಮಾತು ಬಂದ ಬಗೆ

ಸತ್ತುಹೋದ ಹೆಂಡತಿಯ ದನಿಯಲ್ಲಿ ಗಂಡನನ್ನು ಊಟಕ್ಕೆ ಕರೆದ ಮೂರ್ಖ ನಾನು. ಮೊದಲೇ ಒಪ್ಪಿಕೊಂಡುಬಿಡುತ್ತೇನೆ; ಆಮೇಲೆ ನಿಮಗೆ ಬೈಯಲು ಸಲೀಸು.

ಮೊನ್ನೆ ಇಚಲಕರಂಜಿಯಲ್ಲಿ, ಮಗ್ಗ ನಡೆಸುವ ಗೆಳೆಯನ ಮನೆಯಲ್ಲಿ, ಯುದ್ಧಕಾಲದ ಒರಟು ಕಾಗದದ ಮೇಲೆ ಅಚ್ಚಾದ ಕಾದಂಬರಿಯೊಂದು ಕೈಗೆ ಸಿಕ್ಕಿತು. ನಾನೇ ಎಂದೋ ಅವನಿಗೆ ಓದಲು ಕೊಟ್ಟ ಪ್ರತಿ. ತೆರೆದೆ. ಪುಟಗಳ ಸಂದಿಯಿಂದ ನಶ್ಯದ, ಅದೇ ತಪಕೀರಿನ, ಘಾಟು ಮೂಗಿಗೆ ಹೊಡೆದು ನಾಲ್ಕು ಸಲ ಸೀನಿದೆ. ಐದನೆಯ ಸೀನಿಗೆ ಆ ಕಾದಂಬರಿ ಬರೆದ, ಗಡಹಿಂಗ್ಲಜದ ನಮ್ಮ ಪಕ್ಕದ ಮನೆಯ ಮಾಸ್ತರು ಕಣ್ಣೆದುರು ಬಂದು ಕೂತರು... ಬಲಗೈಯಲ್ಲಿ ಲೇಖನಿ, ಎಡಗೈಯಲ್ಲಿ ಒಂದು ಚಿಟಿಕೆ ತಪಕೀರು.

ಮಾಸ್ತರು ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದರು, ಮನೆಯಲ್ಲಿ ರಾಜರನ್ನು ಕಾದಾಡಿಸುತ್ತಿದ್ದರು. ಆಗಲೇ ಅವರ ಐದು ಐತಿಹಾಸಿಕ ಕಾದಂಬರಿಗಳು ಕೊಲ್ಹಾಪುರದಲ್ಲಿ ಅಚ್ಚಾಗಿದ್ದವು. ಕುದುರೆಯ ಜೀನು, ಕೋಟೆಯ ಕಂದಕ, ಎಲ್ಲವನ್ನೂ ತಾವೇ ಅಲೆದು ನೋಡಿ ಬರೆಯುವವರು. ರಾಣಿಯರ ಮಾತು ಮಾತ್ರ ಅವರದಲ್ಲ. ರಾಣಿ ಬಾಯಿ ತೆರೆಯುವ ಹೊತ್ತು ಬಂತೆಂದರೆ ಲೇಖನಿ ಎತ್ತಿ ಅಡುಗೆಮನೆಯತ್ತ ಕೂಗುತ್ತಿದ್ದರು:

"ಏ, ಗಂಡ ಯುದ್ಧಕ್ಕ ಹೊಂಟ್ರ ರಾಣಿ ಏನಂತಾಳ?"

"ಬುತ್ತಿ ಕಟ್ಟಾಕತ್ತೇನಿ, ಕುದುರಿ ಹತ್ತಬ್ಯಾಡ್ರಿ ಅಂತಾಳ," ಎಂದು ಅವರ ಹೆಂಡತಿ, ನಾವೆಲ್ಲ ಚಿಕ್ಕಮ್ಮ ಅನ್ನುವಂತೆ ಕರೆಯುತ್ತಿದ್ದ ಕಾಕು, ರೊಟ್ಟಿ ಬಡಿಯುತ್ತಲೇ ಹೇಳುತ್ತಿದ್ದರು. ಮಾಸ್ತರು ಹಾಗೆಯೇ ಬರೆದುಕೊಳ್ಳುತ್ತಿದ್ದರು. ಓದಿದವರೆಲ್ಲ ರಾಣಿಯರನ್ನೇ ಹೊಗಳುತ್ತಿದ್ದರು. ಕಾಕೂಗೆ ಓದು ಬರುತ್ತಿರಲಿಲ್ಲ.

ಕೊಲ್ಹಾಪುರದ ಕಾಲೇಜಿನಿಂದ ರಜೆಗೆ ಬಂದಾಗಲೆಲ್ಲ ನಾನು ಹಿತ್ತಿಲ ಗೋಡೆಯ ಈಚೆ ನಿಂತು ಕಾಕೂನ ದನಿ ತೆಗೆಯುತ್ತಿದ್ದೆ: "ಏನ್ರೀ, ನಿಮ್ಮ ರಾಜಾ ಸಾಯಾಕ ಇನ್ನೂ ಭಾಳ ಹೊತ್ತೈತಿ. ರೊಟ್ಟಿ ಆರಾಕತ್ತಾವ, ಬರ್ರಿ!" ಮಾಸ್ತರು ಕೈ ತೊಳೆದು ಒಳಗೆ ಹೋದರೆ ಇನ್ನೂ ಒಲೆಯೇ ಹೊತ್ತಿರುತ್ತಿರಲಿಲ್ಲ. ಕಾಕು ಹೊಟ್ಟೆ ಹಿಡಿದುಕೊಂಡು ನಗುತ್ತ, "ಆ ಮಂಗ್ಯಾ ಊರಿಗಿ ಬಂದಾನ ನೋಡ್ರಿ," ಎನ್ನುತ್ತಿದ್ದರು. ನನ್ನ ಮೂಗು ನೋಡಿದವರಿಗೆ ಆ ಬೈಗುಳ ಅತಿಶಯವೆನಿಸದು.

ಆರನೆಯ ಕಾದಂಬರಿಯ ನಡುವೆ ಕಾಕು ಜ್ವರದಲ್ಲಿ ತೀರಿಕೊಂಡರು. ಅಲ್ಲಿಗೆ ರಾಣಿಯ ಬಾಯಿಯೂ ಕಟ್ಟಿತು. ಮೂರು ಅಧ್ಯಾಯ ಆಕೆ ಬಾಗಿಲಲ್ಲಿ ಸುಮ್ಮನೆ ನಿಂತೇ ಇದ್ದಳು. ರಾಜ ಕೊನೆಯ ಯುದ್ಧಕ್ಕೆ ಹೊರಡಬೇಕು, ಆಕೆ ಏನಾದರೂ ಅನ್ನಬೇಕು... ಮಾಸ್ತರಿಗೆ ಹೊಳೆಯದು. ಕಾದಂಬರಿ ಅಲ್ಲೇ ನಿಂತುಬಿಟ್ಟಿತು.

ನನಗೆ ಸುದ್ದಿ ತಿಳಿಯದೇ ಇರಲಿಲ್ಲ, ಮನೆಯಿಂದ ಪತ್ರ ಬಂದಿತ್ತು. ಆದರೂ ಆ ರಜೆಯ ಮೊದಲ ಮಧ್ಯಾಹ್ನ ಹಿತ್ತಿಲ ಗೋಡೆ ಕಂಡೊಡನೆ ಗಂಟಲು ತಾನಾಗಿ ತೆರೆದುಕೊಂಡಿತು: "ಏನ್ರೀ, ರೊಟ್ಟಿ ಆರಾಕತ್ತಾವ..."

ಆಚೆ ತಂಬಿಗೆ ಇಟ್ಟ ಸದ್ದು. ಇಣುಕಿದೆ. ಒದ್ದೆ ಕೈಗಳನ್ನು ಮುಂದೆ ಹಿಡಿದುಕೊಂಡು ಮಾಸ್ತರು ತಣ್ಣಗಿನ ಒಲೆಯ ಎದುರು ನಿಂತಿದ್ದರು.

ನಾನು ಮರುದಿನದ ಮೋಟಾರಿಗೆ ಕೊಲ್ಹಾಪುರಕ್ಕೆ ಓಡಿದೆ. ವಾರದೊಳಗೆ ಮಾಸ್ತರ ಕಾರ್ಡು ಬಂತು: "ಬಾ. ಸಿಟ್ಟಿಲ್ಲ. ಕೆಲಸವಿದೆ."

ಹೋದೆ. ನನ್ನನ್ನು ಅಡುಗೆಮನೆಯಲ್ಲಿ ಕೂರಿಸಿ ಅವರು ಹೊರಕೋಣೆಗೆ ಹೋದರು. ಅಲ್ಲಿಂದ ಕೂಗಿದರು: "ಏ, ರಾಜಾ ಹೊಂಟಾನ. ರಾಣಿ ಏನಂತಾಳ?"

ಕಾಕೂನ ದನಿಯಲ್ಲಿ ಅಂದೆ: "ಹೋಗಿ ಬರ್ರಿ. ನೀವ ಬರೂತನಾ ಒಲಿ ಆರಸಂಗಿಲ್ಲ ನಾ."

ಹೊರಕೋಣೆಯಿಂದ ಲೇಖನಿ ಗೀಚುವ ಸದ್ದು ಕೇಳಿಸಿತು... ಇಚಲಕರಂಜಿಯಲ್ಲಿ ಸಿಕ್ಕ ಪುಸ್ತಕದಲ್ಲಿ ಆ ಮಾತು ಹಾಗೆಯೇ ಇದೆ.

ಏಳನೆಯದನ್ನು ಮಾಸ್ತರು ಬರೆಯಲಿಲ್ಲ. ಈಗ ಅವರೂ ಇಲ್ಲ. ಮೊನ್ನೆ ಆ ಪುಟ ಓದಿ, ಮಗ್ಗದ ಸದ್ದು ನಿಂತ ಹೊತ್ತಿನಲ್ಲಿ ಕಾಕೂನ ದನಿ ತೆಗೆಯಲು ನೋಡಿದೆ. ಮಾಮಲೇದಾರನಿಂದ ಮೇಕೆಯವರೆಗೆ ಎಲ್ಲರ ದನಿ ತೆಗೆಯುವ ಈ ಗಂಟಲಿನಿಂದ ಬರೀ ನನ್ನ ದನಿ ಬಂತು. ಅದನ್ನು ಕೇಳುವುದಕ್ಕೂ ಆ ಹಿತ್ತಿಲ ಗೋಡೆಯಾಚೆ ಈಗ ಯಾರೂ ಇಲ್ಲ.

ಅಂದು ರಾಣಿಯ ಮಾತು ಬರೆಸಿ ಹೊರಡುವಾಗ ನಾನು ಮಾಸ್ತರ ಕಾಲು ಮುಟ್ಟಿದ್ದೆ. "ತಪ್ಪಾತ್ರಿ ಮಾಸ್ತರ. ಇನ್ನ ಮ್ಯಾಲ ಆ ದನಿ ತಗಿಯಂಗಿಲ್ರಿ."

ಅವರು ತಪಕೀರಿನ ಡಬ್ಬಿ ಮುಚ್ಚಿ ಅಂದರು: "ತಗೀಲಿಲ್ಲಂದ್ರ ಹೆಂಗೋ ಮಂಗ್ಯಾ? ನನಗ ಅಕಿ ದನಿ ಮರ್ತ ಹೊಂಟೈತಿ."