ಮಣಿಕಟ್ಟಿನ ದೀಪಗಳು

ಮೆಟ್ರಿಕ್ ಮುಗಿಸಿ ನಾನು ಬೈಲಹೊಂಗಲದ ಒಂದು ಫೋಟೋ ಸ್ಟುಡಿಯೋದಲ್ಲಿ ಕೆಲಸಕ್ಕೆ ಸೇರಿದ್ದೆ. ಎಪ್ಪತ್ತರ ದಶಕದ ಮಾತು. ಕತ್ತಲಲ್ಲಿ ಷಟರ್ ತೆರೆದಿಟ್ಟು ಕ್ಯಾಮೆರಾದೆದುರು ದೀಪ ಆಡಿಸಿದರೆ ಫಿಲ್ಮಿನ ಮೇಲೆ ಬೆಳಕಿನ ಗೆರೆ ಮೂಡುತ್ತದೆ ಎಂಬುದು ಗೊತ್ತಾದ ಮೇಲೆ ನನಗೆ ಬೇರೆ ಯೋಚನೆ ಇರಲಿಲ್ಲ.

ಬ್ಯಾಟರಿ ಟಾರ್ಚನ್ನು ಕೈಯಲ್ಲಿ ಹಿಡಿದರೆ ಗೆರೆ ನಡುಗುತ್ತಿತ್ತು. ಅದಕ್ಕೆ ಮೈಮೇಲೆ ತೊಡುವ ದೀಪ ಮಾಡಿದೆ. ಸೈಕಲ್ ಟ್ಯೂಬು ಕತ್ತರಿಸಿ ಎರಡೂ ಮಣಿಕಟ್ಟಿಗೆ ಪಟ್ಟಿ ಮಾಡಿ, ತೂತು ಕೊರೆದು ಟಾರ್ಚಿನ ಸಣ್ಣ ಬಲ್ಬು ಕೂಡಿಸಿದೆ. ವೈರನ್ನು ತೋಳಿನುದ್ದಕ್ಕೂ ಅಂಗಿಗೆ ಹೊಲಿದೆ. ಸೆಲ್ಲುಗಳು ಸೊಂಟಕ್ಕೆ ಕಟ್ಟಿದ ಬಟ್ಟೆಯ ಚೀಲದಲ್ಲಿ.

ಅದನ್ನು ತೊಟ್ಟವನು ನನ್ನ ಗೆಳೆಯ. ಹತ್ತಿ ಜಿನ್ನಿನಲ್ಲಿ ಹಮಾಲಿ ಮಾಡುತ್ತಿದ್ದ, ಬಿಡುವಿದ್ದಾಗ ಗರಡಿಯಲ್ಲಿ ಮರದ ಗದೆ ತಿರುವುತ್ತಿದ್ದ. ಅವನ ಊರು ಮನೋಳಿ. ಅಲ್ಲಿ ತಾಯಿ ಇದ್ದರು.

ಗರಡಿಗೆ ಕಿಟಕಿಯಿಲ್ಲ. ಗಿಡ್ಡ ಬಾಗಿಲು ಹಾಕಿದರೆ ಮಧ್ಯಾಹ್ನವೂ ಕತ್ತಲು. ಆದರೆ ಬಲ್ಬಿನ ಬೆಳಕಿಗೆ ಅವನ ಮುಖ ಫಿಲ್ಮಿನಲ್ಲಿ ಮಸುಕಾಗಿ ಬೀಳುತ್ತಿತ್ತು. ನನಗೆ ಬೆಳಕು ಮಾತ್ರ ಬೇಕಿತ್ತು. ಹಳೇ ಕೊಡೆಯ ಬಟ್ಟೆಯಿಂದ ಕರಿ ಅಂಗಿ ಹೊಲಿಸಿದೆ. ಚಿಮಣಿ ಬುಡ್ಡಿಯ ಮಸಿಯನ್ನು ಎಣ್ಣೆಯಲ್ಲಿ ಕಲಸಿ ಅವನ ಮುಖಕ್ಕೆ ನಾನೇ ಬಳಿದೆ.

“ಲೇ, ಫೋಟೋ ತಗೀತಿಯೋ, ಬೆದರಗೊಂಬಿ ಮಾಡ್ತಿಯೋ?”

“ಸುಮ್ನ ನಿಂದರಲೇ. ಮಾರಿ ಕಂಡ್ರ ಕೆಲಸ ಕೆಡತೈತಿ.”

ಕತ್ತಲಲ್ಲಿ ಎರಡೂ ಕೈಯಲ್ಲಿ ಗದೆ ಹಿಡಿದು ಹಲವು ಸಲ ತಿರುವಿದ. ಬಲಗೈ ದುಂಡಗೆ ತಿರುಗುತ್ತಿತ್ತು, ಎಡಗೈ ಮೇಲೆ ಹೋದಲ್ಲಿ ಕುಸಿಯುತ್ತಿತ್ತು. ಬೈದೆ. ನಕ್ಕ. ರೋಲಿನಲ್ಲಿ ಒಂದು ಫ್ರೇಮು ಉಳಿಯಿತು.

“ಮಾರಿ ತೊಳಕೊಂಡ ಬರತೇನಿ, ನಂದೊಂದು ತಗೀ. ನಮ್ಮವ್ವ ಕೇಳಾಕ ಹತ್ಯಾಳ. ಮನ್ಯಾಗ ನಂದೊಂದೂ ಫೋಟೋ ಇಲ್ಲ.”

“ಮುಂದಿನ ರೋಲಿನ್ಯಾಗ ತಗೀತೇನಿ. ಈಗ ಇನ್ನೊಮ್ಮೆ ತಿರುವು.”

ತಿರುವಿದ.

ಮುಂದಿನ ರೋಲು ಬಂತು, ಅದರ ಮುಂದಿನದೂ ಬಂತು. ಅವನ ಮುಖ ತೆಗೆಯಲಿಲ್ಲ. ಮಳೆಗಾಲದಲ್ಲಿ ಅವನಿಗೆ ಕಾಮಾಲೆ ಆಯಿತು, ಊರಿಗೆ ಹೋದ. ಸತ್ತ ಸುದ್ದಿಯನ್ನು ಜಿನ್ನಿನವರು ಹೇಳಿದರು. ನನಗೆ ಅಳು ಬರಲಿಲ್ಲ. ಅಂದಿನ ಪ್ರಿಂಟುಗಳನ್ನು ತೊಳೆದು ಒಣಹಾಕಿದೆ.

ಕೆಲವು ದಿನಗಳ ಮೇಲೆ ಅವನ ತಾಯಿ ಸ್ಟುಡಿಯೋಗೆ ಬಂದರು.

“ನನ್ನ ಮಗನ ಫೋಟೋ ನಿನ್ನ ಕಡೆ ಅದಾವಂತಲ್ಲಪಾ. ಅಂವಾ ಹೇಳತಿದ್ದ.”

ಇದ್ದ ಪ್ರಿಂಟುಗಳನ್ನು ಮುಂದಿಟ್ಟೆ. ಒಂದನ್ನು ಎತ್ತಿ, ತಿರುಗಿಸಿ ನೋಡಿದರು.

“ಇದರಾಗ ಅಂವಾ ಎಲ್ಲಿ ಅದಾನ?”

ಬೆಳಕಿನ ಉಂಗುರಗಳ ನಡುವಿನ ಕಪ್ಪಿನ ಮೇಲೆ ಬೆರಳಿಟ್ಟೆ. “ಇಲ್ಲಿ ನಿಂತಾನ್ರಿ, ಯವ್ವಾ.”

“ಮಾರಿ?”

“ಬೆಳಕ ಸಾಲಲಿಲ್ರಿ.”

ಅವರು ಬಹಳ ಹೊತ್ತು ನೋಡಿದರು. ಆಮೇಲೆ ಕುಸಿದ ಉಂಗುರವನ್ನು ಬೆರಳಿನಿಂದ ಸವರಿದರು.

“ಇದು ಅವನ ಎಡಗೈ. ಸಣ್ಣಾಂವಿದ್ದಾಗ ಹುಣಸಿ ಗಿಡದಿಂದ ಬಿದ್ದು ರಟ್ಟಿ ಮುರಕೊಂಡಿದ್ದ. ಪೂರಾ ಮ್ಯಾಲ ಏಳತಿರಲಿಲ್ಲ.”

ನನಗದು ಗೊತ್ತಿರಲಿಲ್ಲ. ಆ ಕೈಗೇ ನಾನು ಬೈದಿದ್ದೆ.

ಅವರು ಆ ಪ್ರಿಂಟನ್ನು ಸೆರಗಿನಲ್ಲಿ ಸುತ್ತಿಕೊಂಡರು. “ಬೆಳಕ ಸಾಲದಿದ್ರ ನೀನರ ಏನ ಮಾಡ್ತಿ, ತಮ್ಮಾ,” ಎಂದು ಎದ್ದರು.

ಬಾಗಿಲವರೆಗೆ ಜೊತೆಗೆ ಹೋದೆ. ಮಸಿಯ ಮಾತು ಹೇಳಲಿಲ್ಲ. ಅವರು ಬದುಕಿರುವವರೆಗೂ ನಾನು ಮನೋಳಿಗೆ ಕಾಲಿಡಲಿಲ್ಲ.