ಇಬ್ಬರ ಹೋಂವರ್ಕ್

ಇಡೀ ಶಾಲೆ ನಮ್ಮ ಚಿಕ್ಕಪ್ಪನ ಫೋನಿನೊಳಗೆ ಬಂದು ಕುಳಿತಿದ್ದ ದಿನಗಳವು. ನಾನಾಗ ಏಳನೇ ಕ್ಲಾಸು. ಕೊರೊನಾ ಬಂದು ತೂಬಗೆರೆ ಹತ್ತಿರದ ನಮ್ಮೂರ ಶಾಲೆಗೆ ಬೀಗ ಬಿದ್ದಿತ್ತು. ಬಿಸಿಯೂಟದ ಬದಲು ಅಕ್ಕಿ, ಬೇಳೆ ಕೊಟ್ಟು ಕಳಿಸುತ್ತಿದ್ದರು. ಪಾಠ ಮಾತ್ರ ಚಿಕ್ಕಪ್ಪ ದಾಬಸ್‌ಪೇಟೆಯ ಗೋಡೌನ್ ಕೆಲಸ ಮುಗಿಸಿ ಸಂಜೆ ಐದಕ್ಕೆ ಬೈಕಿನಲ್ಲಿ ಬಂದಿಳಿದ ಮೇಲೆಯೇ ನಮಗೆ ಸಿಗುತ್ತಿತ್ತು. ಅವರು ಕೈಕಾಲು ತೊಳೆಯುವಷ್ಟರಲ್ಲಿ ನಾನು ಫೋನ್ ಕಿತ್ತುಕೊಂಡು ಜಗಲಿಗೆ ಓಡುತ್ತಿದ್ದೆ. ಗಿರಿಜಾ ಮಿಸ್ ಬೆಳಿಗ್ಗೆ ಹಾಕಿದ ಲೆಕ್ಕ ಮಾಡಿ, ಫೋಟೋ ತೆಗೆದು, ಅಂದೇ ಕಳಿಸಬೇಕಿತ್ತು.

ಎದುರುಮನೆಯ ಚಂದ್ರಕಲಾ, ನಮ್ಮೆಲ್ಲರ ಬಾಯಲ್ಲಿ ಚಂದ್ರಿ, ಒಂದನೇ ಕ್ಲಾಸಿನಿಂದ ನನ್ನ ಬೆಂಚಿನವಳು. ಅವರ ಮನೆಯಲ್ಲಿದ್ದದ್ದು ಬಟನ್ ಫೋನು. ಹಾಗಾಗಿ ಅವಳೂ ನೋಟ್‌ಬುಕ್ ಹಿಡಿದು ನಮ್ಮ ಜಗಲಿಗೇ ಬರುತ್ತಿದ್ದಳು. ಲೆಕ್ಕ ಮುಗಿಸಿ, ಸೀಬೆಕಾಯಿಗೆ ಉಪ್ಪುಖಾರ ಹಚ್ಚಿಕೊಂಡು ತಿಂದು, ಕಣ್ಣು ಕಾಣುವವರೆಗೆ ಕುಂಟೆಬಿಲ್ಲೆ ಆಡುತ್ತಿದ್ದೆವು.

ಅವಳಮ್ಮ ರತ್ನಮ್ಮ ಗುಲಾಬಿ ಬೆಳೆಯುವ ಗ್ರೀನ್‌ಹೌಸಿಗೆ ಕೆಲಸಕ್ಕೆ ಹೋಗುತ್ತಿದ್ದರು. ಶಾಲೆ ತೆರೆಯುವ ಸುದ್ದಿಯೇ ಇಲ್ಲದಾದಾಗ ಮಗಳನ್ನೂ ಕರೆದುಕೊಂಡು ಹೋಗತೊಡಗಿದರು. ಚಂದ್ರಿ ಸಂಜೆ ಬಂದರೆ ಅವಳ ಮೈಯಿಂದ ಗುಲಾಬಿ ಎಲೆ ಮತ್ತು ಔಷಧಿಯ ಘಾಟು ಒಟ್ಟಿಗೇ ಬರುತ್ತಿತ್ತು. ಬೆರಳ ತುಂಬ ಮುಳ್ಳು ಗೀರಿದ ಗುರುತು. ಒಂದು ದಿನ ಜಗಲಿ ಕಂಬಕ್ಕೆ ಒರಗಿದವಳು, "ಲೇ ಸವಿತಾ, ಇವತ್ತು ನಂದೂ ನೀನೇ ಬರ್ದು ಕಳ್ಸೇ. ಕಣ್ಣು ಬಿಡಕ್ಕಾಗ್ತಿಲ್ಲ" ಅಂದಳು.

ಬರೆದೆ. ನನಗದು ಭಾರ ಅನಿಸಲಿಲ್ಲ. ನಿಜ ಹೇಳಬೇಕೆಂದರೆ ಖುಷಿಯೇ ಆಯಿತು. ಅವಳ ಗುಂಡಗಿನ ಅಕ್ಷರವನ್ನು ಹಾಗೇ ಇಳಿಸಿದೆ. ಮಿಸ್ ನಂಬಲಿ ಎಂದು ಒಂದು ಲೆಕ್ಕ ಬೇಕೆಂದೇ ತಪ್ಪು ಮಾಡಿದೆ. ಸ್ವಲ್ಪ ಹೊತ್ತಿಗೆ ಮಿಸ್ಸಿನಿಂದ ಉತ್ತರ ಬಂತು: "ಚಂದ್ರಕಲಾ, ಗುಡ್. ನಾಲ್ಕನೇ ಲೆಕ್ಕ ಇನ್ನೊಂದ್ಸಲ ನೋಡಮ್ಮ." ನಾನು ಒಬ್ಬಳೇ ನಕ್ಕೆ.

ಆ ಒಂದು ದಿನ ವಾರವಾಯಿತು, ವಾರ ತಿಂಗಳುಗಳಾಯಿತು. ಚಂದ್ರಿ ಕೊನೆಕೊನೆಗೆ ಪುಸ್ತಕವನ್ನೂ ನಮ್ಮ ಮನೆಯಲ್ಲೇ ಬಿಟ್ಟಿದ್ದಳು.

ಅವರೆಕಾಯಿ ಕಾಲ ಬಂದು ಊರೆಲ್ಲ ಸೊಗಡು ಅಡರಿದ್ದ ಹೊತ್ತಿಗೆ ಶಾಲೆ ತೆರೆಯುತ್ತಾರಂತೆ ಎಂಬ ಸುದ್ದಿ ಬಂತು. ಎಲ್ಲ ಮಕ್ಕಳೂ ಕುಣಿದರು. ಚಂದ್ರಿ ಮಾತ್ರ ಬಾಗಿಲ ಹತ್ತಿರ ನಿಂತು ಕೇಳಿದಳು:

"ಈಗೇನ್ ಮಾಡೋದೇ? ನಂಗೊಂದೂ ಬರಲ್ಲ ಕಣೇ."

"ಏನಾಗಲ್ಲ ಬಿಡೇ. ನಾನ್ ಪಕ್ಕದಲ್ಲೇ ಇರ್ತೀನಲ್ಲ."

ಪಕ್ಕದಲ್ಲಿ ಕೂರಲು ಬಿಡಲೇ ಇಲ್ಲ. ಹಣೆಗೆ ಯಂತ್ರ ಹಿಡಿದು ಜ್ವರ ನೋಡಿ, ಬೆಂಚಿಗೊಬ್ಬರಂತೆ ಕೂರಿಸಿದರು. ಚಂದ್ರಿ ಕಿಟಕಿಯ ಕಡೆ, ನಾನು ಗೋಡೆಯ ಕಡೆ. ಮಾಸ್ಕಿನ ಮೇಲೆ ಅವಳ ಕಣ್ಣು ಮಾತ್ರ ಕಾಣುತ್ತಿತ್ತು. ಆ ಕಣ್ಣು ನನ್ನ ಮೇಲೇ ಇತ್ತು.

ಗಿರಿಜಾ ಮಿಸ್ ಬೋರ್ಡಿನ ಮೇಲೆ ಒಂದು ಸಮೀಕರಣ ಬರೆದರು. "ಇದನ್ನ ಮನೇಲಿ ತುಂಬ ಚೆನ್ನಾಗಿ ಮಾಡಿ ಕಳ್ಸಿದ್ದೋಳು ಚಂದ್ರಕಲಾ. ಬಾಮ್ಮ, ಎಲ್ರಿಗೂ ಮಾಡಿ ತೋರ್ಸು."

ಚಂದ್ರಿ ಎದ್ದು ಹೋದಳು. ಸೀಮೆಸುಣ್ಣವನ್ನು ಬೋರ್ಡಿಗೆ ಮುಟ್ಟಿಸಿ ನಿಂತೇಬಿಟ್ಟಳು. ಗೆರೆಯೂ ಇಲ್ಲ, ಚುಕ್ಕಿಯೂ ಇಲ್ಲ. ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ತಡೆಯಲಾರದೆ ಮಾಸ್ಕಿನೊಳಗಿಂದಲೇ "ಐದು" ಅಂದುಬಿಟ್ಟೆ.

ಮಿಸ್ ನನ್ನ ಕಡೆ ತಿರುಗಿದರು. ಆಮೇಲೆ ಅವಳನ್ನು ನೋಡಿದರು. ತಮ್ಮ ಫೋನ್ ತೆಗೆದು ನಮ್ಮಿಬ್ಬರ ಹಳೆಯ ಫೋಟೋಗಳನ್ನು ಒಂದೊಂದಾಗಿ ಸರಿಸಿದರು. ಏಳು ಬರೆಯುವಾಗ ಅದರ ಸೊಂಟಕ್ಕೊಂದು ಅಡ್ಡಗೀಟು ಹಾಕುವುದು ನನ್ನ ಅಭ್ಯಾಸ. ಚಂದ್ರಿಯ ಎಲ್ಲ ಏಳಕ್ಕೂ ಆ ಗೀಟು ಇತ್ತು.

"ನಾನೇ ಬರ್ದು ಕೊಡು ಅಂದಿದ್ದು ಮಿಸ್" ಅಂದಳು ಚಂದ್ರಿ, ಬೋರ್ಡಿನ ಕಡೆಯೇ ಮುಖ ಮಾಡಿ.

ಏಟು ಬೀಳುತ್ತದೆ ಅಂದುಕೊಂಡಿದ್ದೆ. ಬಿದ್ದಿದ್ದರೆ ಚೆನ್ನಾಗಿತ್ತು. ಊಟದ ಬಿಡುವಿನಲ್ಲಿ ಮಿಸ್ ನನ್ನೊಬ್ಬಳನ್ನೇ ಕರೆದರು.

"ಹೋಂವರ್ಕ್ ಕಳಿಸ್ದೇ ಇದ್ದೋರ ಮನೆಗೆಲ್ಲ ನಾನೇ ಹೋಗಿ ಹೇಳ್ಕೊಟ್ಟೆ ಸವಿತಾ. ಇವಳ ಮನೆ ಮುಂದೇನೇ ಎಷ್ಟು ಸಲ ಸ್ಕೂಟಿ ಓಡಿಸ್ಕೊಂಡು ಹೋಗಿದೀನಿ. ಇವಳದ್ದು ದಿನಾ ಬರ್ತಿದೆಯಲ್ಲ ಅಂತ ನಿಲ್ಲಿಸ್ಲೇ ಇಲ್ಲ. ನೀನು ಕಳಿಸ್ದೇ ಇದ್ದಿದ್ರೆ ನಿಲ್ಲಿಸ್ತಿದ್ದೆ."

ಅಂದು ಬುತ್ತಿಯ ಚಿತ್ರಾನ್ನವನ್ನು ಹಾಗೇ ಮನೆಗೆ ವಾಪಸ್ ತಂದೆ.

ಮಾರನೇ ದಿನ ಚಂದ್ರಿ ಬರಲಿಲ್ಲ. ಅದರ ಮಾರನೇ ದಿನವೂ ಇಲ್ಲ. ಮೂರನೇ ದಿನ ಸಂಜೆ ಮಿಸ್ ನನ್ನನ್ನು ಸ್ಕೂಟಿಯ ಹಿಂದೆ ಕೂರಿಸಿಕೊಂಡು ಚಂದ್ರಿಯ ಮನೆಗೆ ಹೋದರು. ರತ್ನಮ್ಮ ಗಡಿಬಿಡಿಯಿಂದ ಚಾಪೆ ಹಾಸಿದರು.

"ನಾನ್ ಬೇಡ ಅಂದಿಲ್ಲ ಕಣ್ರೀ ಮಿಸ್. ಶಾಲೆ ಬಾಗ್ಲು ತೆಗೆದ ದಿನವೇ ಕಳ್ಸಿದೀನಿ. ಇವ್ಳೇ ಹೋಗಲ್ಲ ಅಂತ ಕೂತವ್ಳೆ."

"ಯಾಕಮ್ಮ?" ಎಂದರು ಮಿಸ್.

ಚಂದ್ರಿ ಒಲೆಯ ಹತ್ತಿರ ಮಂಡಿ ಅಪ್ಪಿಕೊಂಡು ಕೂತಿದ್ದಳು. "ಎಲ್ರೂ ನಗ್ತಾರೆ. ತೋಟದಲ್ಲಾದ್ರೆ ನಂಗೆ ಕೆಲ್ಸ ಬರುತ್ತೆ."

ಆ ಮಾತಿಗೆ ರತ್ನಮ್ಮನೇ ಸೆರಗು ಬಾಯಿಗೆ ಒತ್ತಿಕೊಂಡರು. ನಾನು ಹೊಸ್ತಿಲಾಚೆಯೇ ನಿಂತಿದ್ದೆ. ಅವಳು ಇನ್ನು ಬರುವುದೇ ಇಲ್ಲ, ಅದಕ್ಕೆ ನಾನೇ ಕಾರಣ ಅನ್ನಿಸಿ ಒಳಗೆ ಹೋಗಲಾಗಲಿಲ್ಲ.

ಮಿಸ್ ಚಾಪೆ ಬಿಟ್ಟು ಎದ್ದು ಅವಳ ಪಕ್ಕ ನೆಲದ ಮೇಲೆ ಕೂತರು. "ನಾಳೆಯಿಂದ ಬೆಲ್ಲಿಗೆ ಒಂದು ಗಂಟೆ ಮುಂಚೆ ಬಾ. ನಾನೂ ಬರ್ತೀನಿ. ನಗೋರು ಯಾರೂ ಇರಲ್ಲ. ಒಂದು ತಿಂಗಳು ನೋಡು. ಆಮೇಲೂ ಬೇಡ ಅಂದ್ರೆ ನಾನೇ ಸುಮ್ಮನಾಗ್ತೀನಿ."

ಚಂದ್ರಿ ಬಂದಳು. ನಾನೂ ಬರುತ್ತೇನೆ ಎಂದು ಹಟ ಹಿಡಿದೆ. "ಬಾ. ಆದ್ರೆ ಬಾಯಿ ಬಿಡಕೂಡ್ದು" ಎಂದರು ಮಿಸ್. ಭಾಗಾಕಾರದಿಂದ ಶುರುವಾಯಿತು. ಚಂದ್ರಿ ತಪ್ಪು ಅಂಕಿ ಬರೆಯುವುದು ಕಾಣುತ್ತಿತ್ತು, ಉತ್ತರ ನನ್ನ ನಾಲಗೆಯ ತುದಿಯಲ್ಲಿರುತ್ತಿತ್ತು. ಅಷ್ಟು ಕಷ್ಟದ ಕೆಲಸ ನಾನು ಅದುವರೆಗೆ ಮಾಡಿರಲಿಲ್ಲ. ತುಟಿ ಕಚ್ಚಿಕೊಂಡು ಕೂರುತ್ತಿದ್ದೆ.

ನಾಲ್ಕನೇ ವಾರ ಅದೇ ಬಗೆಯ ಸಮೀಕರಣ ಬಂತು. ಚಂದ್ರಿ ಬರೆದಳು, ಒರೆಸಿದಳು, ಮತ್ತೆ ಬರೆದಳು. ಕೊನೆಗೆ ಸೀಮೆಸುಣ್ಣ ಕೆಳಗಿಟ್ಟು ಮಿಸ್ ಕಡೆ ನೋಡಿದಳು. ಉತ್ತರ ಸರಿಯಿತ್ತು. ಮಿಸ್ ಅವಳ ತಲೆ ಸವರಿದರು. ನಾನು ಚಪ್ಪಾಳೆ ತಟ್ಟಿದೆ. ಅವಳು ನನ್ನ ಕಡೆ ತಿರುಗಲಿಲ್ಲ.

ಕೆಲವೇ ದಿನಕ್ಕೆ ಶಾಲೆ ಮತ್ತೆ ಮುಚ್ಚಿತು. ಈ ಸಲ ಮಿಸ್ಸಿನ ಸ್ಕೂಟಿ ಚಂದ್ರಿಯ ಮನೆ ಮುಂದೆ ತಪ್ಪದೆ ನಿಲ್ಲುತ್ತಿತ್ತು.

ಈಗ ನಾವಿಬ್ಬರೂ ದೊಡ್ಡಬಳ್ಳಾಪುರದಲ್ಲಿ ಡಿಗ್ರಿ ಓದುತ್ತಿದ್ದೇವೆ. ಚಂದ್ರಿ ಆರಿಸಿಕೊಂಡಿರುವುದು ಗಣಿತವನ್ನೇ. ಬೆಳಗಿನ ಬಸ್ಸಿನಲ್ಲಿ ಅವಳೇ ಮೊದಲು ಹತ್ತಿ ನನಗೆ ಸೀಟು ಹಿಡಿಯುತ್ತಾಳೆ. ದಾರಿಯುದ್ದಕ್ಕೂ ಹರಟುತ್ತೇವೆ, ನಗುತ್ತೇವೆ. ನೋಡಿದವರು ನಮ್ಮನ್ನು ಅಕ್ಕತಂಗಿಯರು ಅಂದುಕೊಳ್ಳುತ್ತಾರೆ. ನನಗೆ ಗೊತ್ತಾಗದ್ದನ್ನು ನಾನು ಕೇಳುತ್ತೇನೆ, ಅವಳು ತಾಳ್ಮೆಯಿಂದ ಹೇಳಿಕೊಡುತ್ತಾಳೆ.

ಆದರೆ ಅಂದಿನಿಂದ ಇಂದಿನವರೆಗೆ ಅವಳು ನನ್ನನ್ನು ಏನೂ ಕೇಳಿಲ್ಲ. ಬರೆಯಲು ಒಂದು ಪೆನ್ನು ಕೂಡ.